ಬೆಟ್ಟದ ದಾರಿಗೆ ಕಿಲೋಮೀಟರ್ ಲೆಕ್ಕ ಬೇಡ

ಪ್ರಶ್ನೆ: ಶರತ್ಕಾಲದಲ್ಲಿ ಎಲೆಗಳ ಬಣ್ಣ ತಿರುಗುವ ಹೊತ್ತಿಗೆ ಕಾರಿನಲ್ಲಿ ಬೆಟ್ಟದ ಊರುಗಳನ್ನು ಸುತ್ತಬೇಕು ಅಂತಿದ್ದೇವೆ. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ವಾಪಸ್. ಒಟ್ಟು 500 ಕಿ.ಮೀ., ಐದು ಊರು. ಮಗಳಿಗೆ ತಿರುವುಗಳಲ್ಲಿ ವಾಂತಿ ಬರುತ್ತದೆ. ಈ ಪ್ಲ್ಯಾನ್ ಸರಿಯಾಗಿದೆಯಾ?

ಉತ್ತರ: ಐದು ಊರು ಬೇಡ. ಎರಡು ಸಾಕು.

ಬೆಟ್ಟದ ರಸ್ತೆಯಲ್ಲಿ ಗಂಟೆಗೆ 35 ಕಿ.ಮೀ. ಹೋದರೆ ಅದೇ ಹೆಚ್ಚು, ಮುಂದೆ ಒಂದು ಲಾರಿ ಸಿಕ್ಕಿದರೆ ಅದೂ ಇಲ್ಲ. ನಿಮ್ಮ ದಾರಿಯಲ್ಲಿ ಅರ್ಧ ಮಾತ್ರ ಬೆಟ್ಟ ಅಂದುಕೊಂಡರೂ ಎರಡು ದಿನದಲ್ಲಿ ಸುಮಾರು 11 ಗಂಟೆ ಕಾರಿನಲ್ಲೇ ಕಳೆಯುತ್ತದೆ. ಜೊತೆಗೆ ಶರತ್ಕಾಲದ ಹಗಲು ಚಿಕ್ಕದು. ಕಣಿವೆಯ ಊರುಗಳಲ್ಲಂತೂ ಸೂರ್ಯ ಮುಳುಗುವ ಮೊದಲೇ ಗುಡ್ಡದ ಹಿಂದೆ ಮರೆಯಾಗಿ, ಕತ್ತಲಾಗದಿದ್ದರೂ ಎಲೆಯ ಬಣ್ಣವೆಲ್ಲ ಮಂಕಾಗಿರುತ್ತದೆ. ಅದಕ್ಕೇ ಹೇಳುವುದು, ಕಿಲೋಮೀಟರ್ ಬಿಟ್ಟು ಬೆಳಕಿನ ಗಂಟೆ ಎಣಿಸಿ.

ಆ ಎರಡು ಊರುಗಳು ಬೇರೆ ಬೇರೆ ಎತ್ತರದಲ್ಲಿರಲಿ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ಚಳಿ ಜಾಸ್ತಿ. ಹಾಗಾಗಿ ಬಣ್ಣ ಮೊದಲು ಮೇಲೆ ಶುರುವಾಗಿ, ದಿನ ಕಳೆದಂತೆ ಕೆಳಗಿಳಿಯುತ್ತದೆ. ಮೇಲಿನ ಊರಲ್ಲಿ ಎಲೆ ಉದುರಿಹೋಗಿದ್ದರೂ ಕೆಳಗಿನ ಊರಲ್ಲಿ ಸಿಗುತ್ತದೆ. ಎಲೆಯ ಹಸಿರು ಕರಗಿದಾಗ ಕಾಣುವ ಹಳದಿ ಮೊದಲಿನಿಂದಲೂ ಒಳಗೇ ಇದ್ದದ್ದು. ಕೆಂಪು ಹಾಗಲ್ಲ, ಅದು ಆಗ ಹೊಸದಾಗಿ ಹುಟ್ಟುವುದು. ಹಗಲು ಒಳ್ಳೆ ಬಿಸಿಲು, ರಾತ್ರಿ ಹಿಮ ಬೀಳದಷ್ಟು ತಂಪು, ಹೀಗೆ ನಾಲ್ಕು ದಿನ ಇದ್ದರೆ ಕೆಂಪು ಚೆನ್ನಾಗಿ ಏರುತ್ತದೆ. ಇದು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುವುದರಿಂದ, ಕೊನೇ ಗಳಿಗೆಯಲ್ಲಿ ಕ್ಯಾನ್ಸಲ್ ಮಾಡಬಹುದಾದ ರೂಮನ್ನೇ ಹಿಡಿಯಿರಿ.

ರಾತ್ರಿ ಮೇಲಿನ ಊರಲ್ಲೇ ಉಳಿಯಿರಿ. ರಾತ್ರಿಯ ತಣ್ಣನೆ ಗಾಳಿ ಕಣಿವೆಗೆ ಇಳಿದು ಅಲ್ಲಿ ಮಂಜು ಕಟ್ಟುತ್ತದೆ, ಬಿಸಿಲೇರುವವರೆಗೆ ಕರಗುವುದಿಲ್ಲ. ಮೇಲಿದ್ದರೆ ಎಷ್ಟೋ ಸಲ ಆ ಹೊತ್ತಿನಲ್ಲಿ ನಿಮಗೆ ಬಿಸಿಲು, ಕೆಳಗೆ ಕಣಿವೆ ತುಂಬ ಬಿಳಿ ಮಂಜು, ಅದರಿಂದ ತಲೆ ಎತ್ತಿದ ಮರದ ತುದಿಗಳು. ನನಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ಇಷ್ಟದ ನೋಟ ಇನ್ನೊಂದಿಲ್ಲ.

ಮಗಳ ಕೈಗೆ ಫೋನ್ ಕೊಡಬೇಡಿ. ಕಿಟಕಿ ಸ್ವಲ್ಪ ಇಳಿಸಿ, ದೂರದ ರಸ್ತೆ ನೋಡಲು ಹೇಳಿ. ಮಾತ್ರೆ ಕೊಡುವುದಾದರೆ ಡಾಕ್ಟರನ್ನು ಕೇಳಿ, ಹೊರಡುವ ಮೊದಲೇ ಕೊಡಿ.

ಪ್ರಶ್ನೆ: ಕಳೆದ ಸಲ ಬೆಟ್ಟ ಇಳಿಯುವಾಗ ಕಾರಿನಿಂದ ಸುಟ್ಟ ವಾಸನೆ ಬಂತು. ಗ್ಯಾರೇಜಿನಲ್ಲಿ ಏನೂ ತೊಂದರೆ ಇಲ್ಲ ಅಂದರು. ಮತ್ತೆ ಹೋಗಲು ಭಯ.

ಉತ್ತರ: ಬಹುಶಃ ಇಳಿಜಾರಿನ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಬಂದಿರುತ್ತೀರಿ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಅರ್ಧ ದಾರಿಯಲ್ಲಿ ಪೆಡಲ್ ಮೆತ್ತಗಾಗಿ, ಮಾಮೂಲಿಗಿಂತ ಆಳಕ್ಕೆ ಹೋಯಿತು. ಹೇಗೋ ಪಕ್ಕಕ್ಕೆ ನಿಲ್ಲಿಸಿ ಇಳಿದರೆ, ಮುಂದಿನ ಚಕ್ರದ ಹತ್ತಿರ ಕೈ ಒಡ್ಡಲು ಆಗದಷ್ಟು ಶಾಖ. ಅರ್ಧ ಗಂಟೆ ಅಲ್ಲೇ ಕೂತಿದ್ದೆ, ಕೈಕಾಲು ನಡುಗುತ್ತಿತ್ತು.

ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ ಗೇರ್. ಆಟೋಮ್ಯಾಟಿಕ್ ಆದರೆ 'ಎಲ್' ಅಥವಾ ಮ್ಯಾನುಯಲ್ ಮೋಡ್. ಇಂಜಿನ್ ಗುರ್ ಅನ್ನಲಿ, ಹೆದರಬೇಡಿ, ಅದೇ ಕಾರನ್ನು ಹಿಡಿದಿಡುವುದು. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗ ಇಳಿದ ತಕ್ಷಣ ಪೂರ್ತಿ ಬಿಟ್ಟುಬಿಡಿ. ನ್ಯೂಟ್ರಲ್‌ಗೆ ಮಾತ್ರ ಯಾವತ್ತೂ ಹಾಕಬೇಡಿ. ವಾಸನೆ ಬಂದರೆ ನಿಲ್ಲಿಸಿ, ತಾನಾಗಿ ಆರಲು ಬಿಡಿ, ನೀರು ಸುರಿಯಬೇಡಿ.

ಇನ್ನೊಂದು, ಒದ್ದೆ ಎಲೆ ಹಾಸಿದ ತಿರುವು ಸೋಪು ಸವರಿದ ನೆಲದಂತೆ ಜಾರುತ್ತದೆ. ಅಲ್ಲಿ ತಿರುವಿಗೆ ಮೊದಲೇ ವೇಗ ಇಳಿಸಿರಬೇಕು, ತಿರುವಿನ ಮಧ್ಯದಲ್ಲಿ ಬ್ರೇಕ್ ಮುಟ್ಟಬಾರದು.