ಆಳಸಮುದ್ರದ ಡ್ರ್ಯಾಗನ್ ರೂಪಿಸೋದಾದರೆ ಮೊದಲು ಅದರ ಹೊಟ್ಟೆಪಾಡು ನೋಡಿ

ಆಳಸಮುದ್ರದಲ್ಲಿ ಬದುಕುವ ಹೊಸ ಡ್ರ್ಯಾಗನ್ ಜಾತಿಯೊಂದನ್ನು ರೂಪಿಸಬೇಕು, ಅದಕ್ಕೆ ಯಾವ ನಿಜವಾದ ಪ್ರಾಣಿಯಿಂದ ಏನು ತಗೊಳ್ಳಬಹುದು ಅಂತ ಕೇಳಿದ್ದೀರಿ. ನಾನೂ ಹವ್ಯಾಸಕ್ಕೆ ಇಲ್ಲದ ಪ್ರಾಣಿಗಳನ್ನು ಬಿಡಿಸುವವನು. ನನ್ನ ಮೊದಲ ಡ್ರ್ಯಾಗನ್‌ಗೆ ಆಂಗ್ಲರ್ ಮೀನಿನ ಹಣೆದೀಪ, ಗಲ್ಪರ್ ಈಲ್‌ನ ಬಾಯಿ, ಆಕ್ಟೋಪಸ್ ಕೈಗಳು, ಸಾಲದ್ದಕ್ಕೆ ಬಾವಲಿಯ ರೆಕ್ಕೆ. ತಂಗಿ ಚಿತ್ರ ನೋಡಿ, "ಚೆನ್ನಾಗಿದೆ ಕಣೋ, ಏನು ತಿನ್ನುತ್ತೆ ಇದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿಂದ ನಾನು ಹೊಟ್ಟೆಯಿಂದ ಶುರು ಮಾಡುತ್ತೇನೆ. ಸುಮಾರು 200 ಮೀಟರ್ ಕೆಳಗೆ ಗಿಡ-ಪಾಚಿ ಬೆಳೆಯುವಷ್ಟು ಬೆಳಕಿಲ್ಲ. 1000 ಮೀಟರ್ ದಾಟಿದರೆ ಬಿಸಿಲು ಅನ್ನೋದೇ ಇಲ್ಲ. ಅಲ್ಲಿನವರಿಗೆ ಊಟ ಅಂದರೆ ಹೆಚ್ಚಾಗಿ ಮೇಲಿಂದ ಉದುರಿದ್ದು: ಸತ್ತ ಜೀವಿಗಳ ಚೂರು, ಹಿಕ್ಕೆ, ಲೋಳೆ. ವ್ಯಾಂಪೈರ್ ಸ್ಕ್ವಿಡ್ ಅನ್ನೋ ಆಕ್ಟೋಪಸ್ ನೆಂಟ ಇದನ್ನೇ ಆರಿಸಿಕೊಂಡು ತಿಂದು ಬದುಕುತ್ತದೆ, ಹೆಸರು ಮಾತ್ರ ಭಯಂಕರ. ಇಲ್ಲದಿದ್ದರೆ ಹೊಂಚು ಹಾಕಿ ಕೂತು, ಅಪರೂಪಕ್ಕೆ ಬಂದಿದ್ದನ್ನು ಬಿಡದೆ ಹಿಡಿಯಬೇಕು. ಅಥವಾ ಬಿಸಿಲಿಲ್ಲದೆಯೂ ಊಟ ಸಿಗುವ, ಸಮುದ್ರತಳದ ಬಿಸಿನೀರಿನ ಬುಗ್ಗೆಗಳ ಪಕ್ಕ ಮನೆ ಮಾಡಬೇಕು. ಮೂರರಲ್ಲಿ ಒಂದನ್ನು ಆರಿಸಿ. ಅರ್ಧ ದೇಹ ತಾನಾಗೇ ತೀರ್ಮಾನ ಆಗುತ್ತದೆ.

ನಾನು ಹೊಂಚು ಹಾಕುವುದನ್ನು ಆರಿಸಿದೆ. 1500 ಮೀಟರ್ ಆಳದಲ್ಲಿ, ಕೆಸರಿನ ಮೇಲೆ ಅಲ್ಲಾಡದೆ ಕೂರುವ ಪ್ರಾಣಿ. ಇದರ ತಲೆಗೆ ಆಧಾರ ಸ್ಟಾಪ್‌ಲೈಟ್ ಲೂಸ್‌ಜಾ ಅನ್ನೋ ಮೀನು. ಆಳದಲ್ಲಿ ಬಹುತೇಕ ಪ್ರಾಣಿಗಳಿಗೆ ಕಾಣೋದು ನೀಲಿ-ಹಸಿರು ಬೆಳಕು ಮಾತ್ರ. ಈ ಮೀನಿನ ಕಣ್ಣಿನ ಕೆಳಗೆ ಕೆಂಪು ಟಾರ್ಚ್ ಇದೆ. ಆ ಕೆಂಪು ಇದಕ್ಕೆ ಕಾಣುತ್ತದೆ, ಬೇಟೆಗೆ ಕಾಣಲ್ಲ. ಕತ್ತಲಲ್ಲಿ ನಿಮ್ಮ ಮುಖದ ಮೇಲೆ ಯಾರೋ ಟಾರ್ಚ್ ಬಿಟ್ಟಿದ್ದಾರೆ, ನಿಮಗೆ ಗೊತ್ತೇ ಆಗುತ್ತಿಲ್ಲ ಅಂದುಕೊಳ್ಳಿ. ಆ ಕೆಂಪನ್ನು ನೋಡಲು ಅದರ ಕಣ್ಣು ಬಳಸುವುದು ಕ್ಲೋರೊಫಿಲ್‌ನಿಂದ ಬಂದ ಒಂದು ವಸ್ತುವನ್ನು, ಅಂದರೆ ಎಲೆಯ ಹಸಿರನ್ನು! ಇಂಥದ್ದನ್ನು ನಾವಾಗಿ ಕಟ್ಟಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಅದರ ಕೆಳದವಡೆಯ ಎರಡು ಮೂಳೆಗಳ ನಡುವೆ ಚರ್ಮವೇ ಇಲ್ಲ, ಬರೀ ಚೌಕಟ್ಟು. ನೀರು ತಡೆಯಲ್ಲ, ಹಾಗಾಗಿ ಬಾಯಿ ಫಟ್ ಅಂತ ಮುಚ್ಚುತ್ತದೆ. ಇಷ್ಟೆಲ್ಲ ಇದ್ದೂ ಅದರ ಹೊಟ್ಟೆಯಲ್ಲಿ ಜಾಸ್ತಿ ಸಿಕ್ಕಿರೋದು ಕೋಪೆಪಾಡ್ ಅನ್ನೋ, ಸಿಗಡಿಯ ನೆಂಟರಾದ ಪುಟಾಣಿ ಜೀವಿಗಳು. ನನ್ನ ಡ್ರ್ಯಾಗನ್ ಸಿಗಡಿ ತಿನ್ನುತ್ತದೆ ಅಂದಾಗ ತಂಗಿ ಬಿದ್ದು ಬಿದ್ದು ನಕ್ಕಳು. ನಗಲಿ.

ಹಲ್ಲು ಮತ್ತು ಬಣ್ಣ ಸುಲಭ. ಆಳದಲ್ಲಿ ಡ್ರ್ಯಾಗನ್‌ಫಿಶ್ ಅನ್ನೋ ಮೀನುಗಳೇ ಇವೆ. ಅವುಗಳಲ್ಲಿ ಒಂದರ ಹಲ್ಲು ಪಾರದರ್ಶಕ, ನೀರಲ್ಲಿ ಕಾಣುವುದೇ ಇಲ್ಲ. ಇನ್ನು ಕೆಲವು ಮೀನುಗಳ ಚರ್ಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 99.5ಕ್ಕಿಂತ ಹೆಚ್ಚನ್ನು ನುಂಗಿಬಿಡುತ್ತದೆ ಅಂತ 2020ರಲ್ಲಿ ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಹೊಟ್ಟೆಯ ಒಳಗೋಡೆಯನ್ನೂ ಕಪ್ಪು ಮಾಡಿ. ನುಂಗಿದ ಬೇಟೆ ಒಳಗೆ ಮಿನುಗಿದರೆ ಹೊರಗೆ ಕಾಣಬಾರದು ಅಲ್ವಾ? ಎಷ್ಟೋ ಆಳದ ಮೀನುಗಳು ಹಾಗೇ ಇವೆ.

ಇನ್ನು ಬೆಂಕಿ. ಡ್ರ್ಯಾಗನ್ ಅಂದಮೇಲೆ ಬೆಂಕಿ ಉಗುಳಬೇಕು, ಆದರೆ ಇದು ಇರೋದು ನೀರಲ್ಲಿ. ಇಲ್ಲಿ ನಾನು ತುಂಬಾ ದಿನ ಸಿಕ್ಕಿಕೊಂಡಿದ್ದೆ. ಬೆಳಕನ್ನೇ ಉಗುಳಿಸಿದರೆ ಸರಿಹೋಯಿತು. ಆಳದ ಕೆಲವು ಸಿಗಡಿಗಳು ದಾಳಿ ಮಾಡಿದವರ ಮುಖಕ್ಕೆ ಹೊಳೆಯುವ ದ್ರವ ಉಗುಳಿ ಪರಾರಿಯಾಗುತ್ತವೆ. ಸಮುದ್ರ ಸೌತೆ ಅನ್ನೋ ಮೆತ್ತನೆ ಪ್ರಾಣಿಗಳಲ್ಲಿ ಒಂದು ಬಗೆ ಇನ್ನೂ ಕಿಲಾಡಿ: ಮುಟ್ಟಿದರೆ ಹೊಳೆಯುವ ಅಂಟು ಚರ್ಮವನ್ನೇ ಕಳಚಿ, ಮುಟ್ಟಿದವನಿಗೆ ಮೆತ್ತಿಬಿಡುತ್ತದೆ. ಈಗ ಕತ್ತಲಲ್ಲಿ ಹೊಳೆಯುತ್ತಿರುವವನು ಆ ಕಳ್ಳ. ಅವನನ್ನು ತಿನ್ನುವ ದೊಡ್ಡವನಿಗೆ ಅವನು ಎದ್ದು ಕಾಣುತ್ತಾನೆ. ನನ್ನ ಡ್ರ್ಯಾಗನ್ ಉಗುಳುವುದೂ ಇದನ್ನೇ, ನೀಲಿಯಾಗಿ ಹೊಳೆಯುವ ಅಂಟು ಲೋಳೆ. ಅದು ಸುಡುವುದಿಲ್ಲ, ಹಿಡಿದುಕೊಡುತ್ತದೆ.

ಒತ್ತಡ ತಡೆಯಲು ದಪ್ಪ ಕವಚ ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೇಡ. 1500 ಮೀಟರ್‌ನಲ್ಲಿ ಮೇಲಿನದಕ್ಕಿಂತ ಸುಮಾರು 150 ಪಟ್ಟು ಒತ್ತಡ ಇದ್ದರೂ, ಒಳಗೆ ಗಾಳಿ ಇಲ್ಲದಿದ್ದರೆ ದೇಹ ಅಪ್ಪಚ್ಚಿ ಆಗಲ್ಲ. ಮೆತ್ತನೆ ಮಾಂಸ, ಹಗುರ ಮೂಳೆ ಸಾಕು. ಆದರೆ ಮೀನಿಗೂ ಒಂದು ಮಿತಿ ಇದೆ. 2022ರಲ್ಲಿ ಜಪಾನ್ ಹತ್ತಿರದ ಕಂದಕದಲ್ಲಿ 8,336 ಮೀಟರ್ ಆಳದಲ್ಲಿ ಒಂದು ಸ್ನೇಲ್‌ಫಿಶ್ ಕ್ಯಾಮೆರಾಗೆ ಸಿಕ್ಕಿತು. ಅದಕ್ಕಿಂತ ತುಂಬಾ ಕೆಳಗೆ ಇಳಿಸುವುದಾದರೆ ನಿಮ್ಮದನ್ನು ಮೀನಿನ ನೆಂಟ ಮಾಡಬೇಡಿ. ಕವಚ ಬೇಕೇ ಬೇಕು ಅಂತ ಹಟ ಇದ್ದರೆ ಹಿಂದೂ ಮಹಾಸಾಗರದ ಬಿಸಿಬುಗ್ಗೆಗಳ ಬಳಿ ಒಂದು ಬಸವನಹುಳು ಇದೆ, ಅದರ ಕಾಲಿನ ಹುರುಪೆಗಳ ಮೇಲೆ ಕಬ್ಬಿಣದ ಸಲ್ಫೈಡ್ ಹೊದಿಕೆ. ಆಗ ಡ್ರ್ಯಾಗನ್ನೂ ಬುಗ್ಗೆ ಪಕ್ಕದಲ್ಲೇ ಇರಬೇಕು, ಅಷ್ಟೆ.

ಗಂಡು, ಹೆಣ್ಣು, ಮರಿ ಮೂರನ್ನೂ ಒಂದೇ ಥರ ಬಿಡಿಸಬೇಡಿ. ಕಪ್ಪು ಡ್ರ್ಯಾಗನ್‌ಫಿಶ್‌ನಲ್ಲಿ ಹೆಣ್ಣು ಉದ್ದನೆ ಹಾವಿನಂತೆ. ಗಂಡು ಬೆರಳುದ್ದವೂ ಇಲ್ಲ, ಅದಕ್ಕೆ ಹಲ್ಲಿಲ್ಲ, ಕೆಲಸ ಮಾಡುವ ಕರುಳೂ ಇಲ್ಲ. ಮರಿಯ ಕಣ್ಣುಗಳಂತೂ ಉದ್ದ ಕಡ್ಡಿಗಳ ತುದಿಯಲ್ಲಿ ಇರುತ್ತವೆ. ಹಿಂದೆ ಆ ಮರಿಯನ್ನು ಬೇರೆಯೇ ಮೀನು ಅಂದುಕೊಂಡು ಬೇರೆ ಹೆಸರಿಟ್ಟಿದ್ದರು.

ರೆಕ್ಕೆಯನ್ನು ನಾನು ಎರಡನೇ ಚಿತ್ರದಲ್ಲೇ ಅಳಿಸಿದ್ದೆ. ನೀರೊಳಗೆ ಹಾರೋದೇನು ಅಂತ. ಆಮೇಲೆ ಟ್ರೈಪಾಡ್ ಮೀನಿನ ವಿಡಿಯೊ ನೋಡಿದೆ. ಅದು ಮೂರು ಉದ್ದ ಕಡ್ಡಿಗಳ ಮೇಲೆ ಸಮುದ್ರತಳದಲ್ಲಿ ನಿಂತು, ನೀರು ಹರಿದುಬರುವ ಕಡೆ ಮುಖ ಮಾಡಿ, ಎದೆಯ ಪಕ್ಕದ ಈಜುರೆಕ್ಕೆಗಳನ್ನು ಮೇಲಕ್ಕೆ ಅಗಲಿಸಿ ಹಿಡಿದಿರುತ್ತದೆ. ಹಾದುಹೋಗುವ ಪುಟ್ಟ ಜೀವಿಗಳನ್ನು ಅದು ಪತ್ತೆ ಹಚ್ಚೋದು ಆ ರೆಕ್ಕೆಯ ಎಳೆಗಳಿಂದ, ಕತ್ತಲಲ್ಲಿ ಕೈಯಾಡಿಸಿದ ಹಾಗೆ. ಈಗ ನನ್ನ ಡ್ರ್ಯಾಗನ್‌ಗೆ ಮತ್ತೆ ರೆಕ್ಕೆ ಬಂದಿವೆ. ಕೆಸರಿನ ಮೇಲೆ ಕೂತು, ಅವನ್ನು ಪೂರ್ತಿ ಬಿಚ್ಚಿಕೊಂಡು, ಸಿಗಡಿಗೆ ಕಾಯುತ್ತದೆ.