ಪಾಯಿಂಟ್ ಶೂ ಹಾಕುವ ಮೊದಲು ಪಾದಕ್ಕೆ ಏನು ಮಾಡಿಸಬೇಕು?

ಮಗಳಿಗೆ ಹತ್ತೂವರೆ ವರ್ಷ, ಮೂರು ವರ್ಷದಿಂದ ಬ್ಯಾಲೆ ಕಲಿಯುತ್ತಿದ್ದಾಳೆ, ಮುಂದಿನ ವರ್ಷ ಪಾಯಿಂಟ್, ಅಂದರೆ ಮುಂಭಾಗ ಗಟ್ಟಿಯಾದ ಶೂ ಹಾಕಿ ಬೆರಳ ತುದಿಯ ಮೇಲೆ ನಿಂತು ಕುಣಿಯುವುದು, ಶುರುವಾಗಬಹುದು, ಅಷ್ಟರಲ್ಲಿ ಬೆರಳು ಗಟ್ಟಿಯಾಗಲು ಏನು ಮಾಡಿಸಲಿ ಎಂದು ಕೇಳಿದ್ದೀರಿ. ದಿನಾ ನೂರು ಸಲ ಕಾಲ್ಬೆರಳಲ್ಲಿ ಟವೆಲ್ ಎಳೆಯುತ್ತಾಳೆ ಅಂತಲೂ ಬರೆದಿದ್ದೀರಿ.

ಟವೆಲ್ ಎಳೆಯುವುದು ಕೆಟ್ಟದ್ದೇನಲ್ಲ. ಆದರೆ ಅದರಲ್ಲಿ ಬೆರಳು ಒಳಗೆ ಮಡಚಿಕೊಳ್ಳುತ್ತದೆ. ಶೂ ಒಳಗೆ ಬೇಕಾದದ್ದು ಇದರ ಉಲ್ಟಾ. ಬೆರಳು ನೀಳವಾಗಿ ಚಾಚಿರಬೇಕು. ಮಡಚಿದರೆ ಗೆಣ್ಣು ಉಜ್ಜಿ ಗುಳ್ಳೆ ಏಳುತ್ತದೆ, ಭಾರ ತಪ್ಪು ಜಾಗಕ್ಕೆ ಬೀಳುತ್ತದೆ.

ಅದರ ಬದಲು ಇದನ್ನು ಮಾಡಿಸಿ. ಕುರ್ಚಿಯಲ್ಲಿ ಕೂತು ಪಾದ ನೆಲದ ಮೇಲಿಡಲಿ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ, ಈ ಮೂರೂ ನೆಲ ಬಿಡಬಾರದು. ಬೆರಳು ಮಡಚದೆ ಅಂಗಾಲಿನ ನಡುಭಾಗವನ್ನು ಮಾತ್ರ ಕಮಾನಿನ ಹಾಗೆ ಮೇಲೆತ್ತಬೇಕು. 5 ಎಣಿಸಿ ಬಿಡಲಿ. ಒಂದೊಂದು ಕಾಲಿಗೆ 10 ಸಲ ಸಾಕು. ಮೊದಮೊದಲು ಏನೂ ಅಲುಗಾಡುವುದೇ ಇಲ್ಲ ಅನಿಸುತ್ತದೆ. ನನ್ನ ಚಿಕ್ಕ ಮಗಳಿಗೆ ಹದಿನೈದು ದಿನ ಬೇಕಾಯಿತು. ಅಂಗಾಲು ಹಿಡಿದುಕೊಂಡರೆ ನಿಲ್ಲಿಸಿ ಸ್ವಲ್ಪ ಉಜ್ಜಿ. ಆಮೇಲೆ ಹೆಬ್ಬೆರಳು ಮಾತ್ರ ಎತ್ತಿ ಉಳಿದ ನಾಲ್ಕನ್ನು ನೆಲಕ್ಕೆ ಇಡುವುದು, ಮತ್ತೆ ಹೆಬ್ಬೆರಳು ಇಟ್ಟು ನಾಲ್ಕನ್ನು ಎತ್ತುವುದು. ನೀವೂ ಜೊತೆಗೆ ಮಾಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಬೆರಳಷ್ಟೇ ಗಟ್ಟಿಯಾದರೆ ಸಾಲದು. ತುದಿಬೆರಳ ಮೇಲೆ ನಿಂತಾಗ ಮೀನಖಂಡ, ಸೊಂಟ, ಹೊಟ್ಟೆ ಎಲ್ಲವೂ ದೇಹವನ್ನು ಮೇಲಕ್ಕೆ ಎಳೆದು ಹಿಡಿಯಬೇಕು. ಕಿಟಕಿ ಕಟ್ಟೆ ಹಿಡಿದು, ಮಂಡಿ ನೆಟ್ಟಗಿಟ್ಟು, ಹಿಮ್ಮಡಿ ಎತ್ತಿಸಿ. ಇಳಿಯುವಾಗ ನಿಧಾನ, 4 ಎಣಿಸುತ್ತಾ. ಮೊದಲು ಎರಡೂ ಕಾಲಲ್ಲಿ, ನಂತರ ಒಂದೇ ಕಾಲಲ್ಲಿ. ಒಂದು ಕಾಲಲ್ಲಿ 20 ಸಲ ಅಲುಗಾಡದೆ ಬಂದರೆ ಒಳ್ಳೆಯ ಗುರುತು. ನೀವು ಹಿಂದೆ ಕೂತು ಹಿಮ್ಮಡಿ ನೋಡಿ. ಭಾರ ಕಿರುಬೆರಳಿನ ಕಡೆ ವಾಲಿದರೆ ಲೆಕ್ಕ ಅಲ್ಲಿಗೇ ನಿಲ್ಲಿಸಿ. ವಾಲಿದ ಪಾದದಲ್ಲಿ 50 ಸಲ ಮಾಡುವುದಕ್ಕಿಂತ ನೇರ ಪಾದದಲ್ಲಿ 8 ಸಲ ಮೇಲು.

ಭರತನಾಟ್ಯ ಕಲಿತವರಿಗೂ ಈ ವ್ಯಾಯಾಮ ಬೇಕಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ ಕೂರುವ ಅರೆಮಂಡಿಯಿಂದ ತೊಡೆಗೆ, ಸೊಂಟಕ್ಕೆ ತುಂಬಾ ಬಲ ಬರುತ್ತದೆ. ಆದರೆ ಅಲ್ಲಿ ಪಾದ ತಟ್ಟುವುದು ಜಾಸ್ತಿ. ಮುಂಪಾದದ ಮೇಲೆ ಹಾರಿ ಹಿಮ್ಮಡಿ ತಟ್ಟುವ ಕುದಿತ್ತುಮೆಟ್ಟು ಅಡವಿನಲ್ಲೂ (ಅಡವು ಅಂದರೆ ಮೂಲ ಹೆಜ್ಜೆ) ಮುಂಪಾದದವರೆಗೆ ಮಾತ್ರ ಏಳುತ್ತೇವೆ, ಬೆರಳ ತುದಿಗೆ ಹೋಗುವುದಿಲ್ಲ. ಹಾಗಾಗಿ ಬೇಕು.

ನಿಮ್ಮ ಮಗಳು ಸ್ನೇಹಿತೆಯ ಹಳೆಯ ಪಾಯಿಂಟ್ ಶೂ ಹಾಕಿ ಮನೆಯಲ್ಲಿ ನಿಲ್ಲುತ್ತಾಳೆ ಎಂದಿರಿ. ದಯವಿಟ್ಟು ಇವತ್ತೇ ನಿಲ್ಲಿಸಿ. ಅದರ ಮುಂಭಾಗ ಬಟ್ಟೆ, ಕಾಗದದ ಪದರಗಳನ್ನು ಅಂಟು ಹಾಕಿ ಗಟ್ಟಿ ಮಾಡಿದ್ದು. ಹಾಕಿದವರ ಪಾದಕ್ಕೆ ತಕ್ಕಂತೆ ಬಗ್ಗಿ, ಮೆತ್ತಗಾಗಿರುತ್ತದೆ. ಬೇರೆ ಪಾದಕ್ಕೆ ಅದು ಆಸರೆ ಕೊಡುವುದಿಲ್ಲ. ಪಾದ ಬಗ್ಗಿಸುವ ಸ್ಟ್ರೆಚರ್, ಸೋಫಾ ಕೆಳಗೆ ಬೆರಳು ಸಿಕ್ಕಿಸಿ ಎಳೆಯುವುದು, ಎರಡೂ ಬೇಡ. ಈ ವಯಸ್ಸಿನಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನನ್ನ ದೊಡ್ಡ ಮಗಳನ್ನು ಒಂದು ಕ್ಲಾಸಿನಲ್ಲಿ ಹತ್ತು ವರ್ಷಕ್ಕೇ ಪಾಯಿಂಟ್‌ಗೆ ಹಾಕಿದರು. ಖುಷಿಯಲ್ಲಿ ನಾನೂ ಒಪ್ಪಿದೆ. ಒಂದೂವರೆ ತಿಂಗಳಲ್ಲಿ ಹಿಮ್ಮಡಿಯ ಮೇಲ್ಗಡೆ, ಪಾದದ ಗಂಟಿನ ಹಿಂದೆ ನೋವು ಶುರುವಾಯಿತು. ಎರಡು ತಿಂಗಳು ಕುಣಿಯುವಂತಿರಲಿಲ್ಲ. ಆ ಜಾಗದಲ್ಲಿ ನೋವು ಬಂದರೆ ಮಾಡುತ್ತಾ ಮಾಡುತ್ತಾ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ನೃತ್ಯ ಮಾಡುವವರನ್ನು ನೋಡಿ ಅಭ್ಯಾಸವಿರುವ ಫಿಸಿಯೋಗೆ ತೋರಿಸಿ.

ಕೊನೆಗೆ ಒಂದು ಸಣ್ಣ ಪರೀಕ್ಷೆ. ಕಾಲು ಚಾಚಿ ಕೂತು ಪಾದ ಪೂರ್ತಿ ಮುಂದಕ್ಕೆ ಚಾಚಲಿ. ಪಾದದ ಗಂಟಿನ ಮೇಲೆ ಉದ್ದಕ್ಕೆ ಒಂದು ಪೆನ್ಸಿಲ್ ಇಡಿ. ಕಾಲಿನ ಮೂಳೆಗೂ ಪಾದದ ಮೇಲ್ಭಾಗಕ್ಕೂ ಅದು ಚಪ್ಪಟೆಯಾಗಿ ಕೂರುತ್ತದಾ ನೋಡಿ. ಕೂರದಿದ್ದರೆ ಒತ್ತಬೇಡಿ, ಟೀಚರ್‌ಗೆ ಹೇಳಿ. ಒಂದು ತಿಂಗಳು ವಾರಕ್ಕೆ ನಾಲ್ಕು ದಿನ, ಹತ್ತೇ ನಿಮಿಷ ಮಾಡಿಸಿ. ಆಮೇಲೆ ಹಿಮ್ಮಡಿ ಎತ್ತುವುದನ್ನು ಹಿಂದಿನಿಂದ ವಿಡಿಯೊ ಮಾಡಿ ಇಲ್ಲಿ ಹಾಕಿ, ಪಾದ ಮಾತ್ರ ಕಂಡರೆ ಸಾಕು. ನೋಡಿ ಹೇಳುತ್ತೇನೆ.