ನಮ್ಮ ಆನ್‌ಲೈನ್ ಆಟದ ದ್ವಂದ್ವದಲ್ಲಿ ಹೀಲರ್ (ಗಾಯ ವಾಸಿ ಮಾಡುವ ಪಾತ್ರ) ಸಾಯುತ್ತಲೇ ಇಲ್ಲ. ಅವನ ಹೀಲ್ ಅನ್ನು, ಅಂದರೆ ವಾಸಿ ಮಾಡುವ ಶಕ್ತಿಯನ್ನು, ಕಾಲು ಭಾಗ ಇಳಿಸಬಹುದೇ?

ಇಳಿಸಬೇಡಿ. ನಾನು ಇಳಿಸಿದ್ದೆ, ಅದೂ ಸರಿಯಾಗಿ ಕಾಲು ಭಾಗವನ್ನೇ. ಆಟಗಾರರ ನಡುವಿನ ಕಾಳಗಕ್ಕೂ ಗುಂಪು ಕಟ್ಟಿಕೊಂಡು ಆಡುವ ಆಟಕ್ಕೂ ತಂಡದ ಶ್ರಮವನ್ನು ಅರ್ಧರ್ಧ ಹಂಚಬೇಕೇ ಎಂದು ಕೊನೆಯಲ್ಲಿ ಕೇಳಿದ್ದೀರಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ನಾವು ಮೂವರು ಸ್ನೇಹಿತರು ಸೇರಿ ಸಣ್ಣದೊಂದು ಆನ್‌ಲೈನ್ ಆರ್‌ಪಿಜಿ (ಪಾತ್ರ ವಹಿಸಿ ಆಡುವ ಆಟ) ನಡೆಸುತ್ತಿದ್ದೆವು. ಒಳ್ಳೆಯ ರಾತ್ರಿಗಳಲ್ಲಿ ಸರ್ವರ್‌ನಲ್ಲಿ 220 ಜನ ಇರುತ್ತಿದ್ದರು. ಅವರಲ್ಲಿ ನೂರರಷ್ಟು ಜನ ಐದೈದು ಮಂದಿಯ ಗುಂಪುಗಳಾಗಿ ಗುಹೆಗಳಿಗೆ ಇಳಿಯುತ್ತಿದ್ದರು. ಸುಮಾರು ಮೂವತ್ತು ಜನ ಕೋಟೆಬಾಗಿಲ ಪಕ್ಕದ ಕಣದಲ್ಲಿ ಒಬ್ಬರಿಗೊಬ್ಬರು ಸವಾಲು ಹಾಕಿ ದ್ವಂದ್ವ ಆಡುತ್ತಿದ್ದರು. ಉಳಿದವರದ್ದು ವ್ಯಾಪಾರ, ಮೀನು ಹಿಡಿಯುವುದು, ಹರಟೆ. ಸಣ್ಣ ಊರಿನ ಹಾಗೆ ಎಲ್ಲರಿಗೂ ಎಲ್ಲರ ಪಾತ್ರಗಳ ಹೆಸರು ಗೊತ್ತಿತ್ತು.

ಕಣದ ಮೂವತ್ತು ಜನರದ್ದೂ ಒಂದೇ ದೂರು: ಹೀಲರ್ ಸಾಯುವುದಿಲ್ಲ. ದಿನಕ್ಕೆ ಏಳೆಂಟು ಸಂದೇಶಗಳು ಬರುತ್ತಿದ್ದವು, ಜೊತೆಗೆ ಸಾಕ್ಷಿಯಾಗಿ ವಿಡಿಯೋಗಳು. ಅವರ ದೂರಿನಲ್ಲಿ ಸುಳ್ಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಿಮ್ಮ ಆಟಗಾರರು ಹೇಳುತ್ತಿರುವುದೂ ನಿಜವೇ ಇರುತ್ತದೆ. ದೂರು ನಿಜವಾಗಿದ್ದರೂ ಅದಕ್ಕೆ ಮಾಡುವ ಮದ್ದು ತಪ್ಪಾಗಬಹುದು.

ಈಗ ಲೆಕ್ಕ. ನಮ್ಮ ಹೀಲರ್‌ನ ಮುಖ್ಯ ಮಂತ್ರ ಎರಡು ಸೆಕೆಂಡಿಗೊಮ್ಮೆ 400 ಪ್ರಾಣಾಂಕ (ಪಾತ್ರದ ಜೀವವನ್ನು ಅಳೆಯುವ ಅಂಕ) ತುಂಬುತ್ತಿತ್ತು, ಅಂದರೆ ಸೆಕೆಂಡಿಗೆ 200. ಕಣದಲ್ಲಿ ಒಬ್ಬ ಒಳ್ಳೆಯ ಖಡ್ಗಧಾರಿ ಸೆಕೆಂಡಿಗೆ ಸರಾಸರಿ 170 ಹೊಡೆಯುತ್ತಿದ್ದ. 170 ಹೋಗಿ 200 ಬಂದರೆ ಆ ದ್ವಂದ್ವ ಬೆಳಗಾದರೂ ಮುಗಿಯುವುದಿಲ್ಲ. ನಾನು ಅಂಕಿಗಳ ಕೋಷ್ಟಕ ತೆರೆದು 400 ಅಳಿಸಿ 300 ಬರೆದೆ. ಈಗ ಹೀಲ್ ಸೆಕೆಂಡಿಗೆ 150. ಹೀಲರ್ ಸೆಕೆಂಡಿಗೆ 20ರಂತೆ ಸೋಲುತ್ತಾನೆ. ಅವನ 2000 ಪ್ರಾಣಾಂಕ 100 ಸೆಕೆಂಡಿನಲ್ಲಿ ಮುಗಿಯುತ್ತದೆ. ಒಂದೂಮುಕ್ಕಾಲು ನಿಮಿಷದೊಳಗೆ ಮುಗಿಯುವ, ಎರಡೂ ಕಡೆಗೆ ಗೆಲ್ಲುವ ಅವಕಾಶವಿರುವ, ಬಿಗಿಯಾದ ದ್ವಂದ್ವ. ಎರಡು ಖಾತೆಗಳನ್ನು ತೆರೆದುಕೊಂಡು ಹನ್ನೊಂದು ಸಲ ಆಡಿಸಿ ನೋಡಿದೆ. ಹನ್ನೊಂದು ಸಲವೂ ಚೆನ್ನಾಗಿತ್ತು. ಅಂದು ರಾತ್ರಿ ನೆಮ್ಮದಿಯಿಂದ ಮಲಗಿದೆ.

ಗುಹೆಗೆ ಮಾತ್ರ ಹೋಗಿ ನೋಡಲಿಲ್ಲ.

ಏಕೆ ನೋಡಲಿಲ್ಲ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗುಹೆಯ ಕೊನೆಯ ಬಾಸ್ ಅನ್ನು, ಅಂದರೆ ಅಲ್ಲಿನ ದೊಡ್ಡ ರಾಕ್ಷಸನನ್ನು, ಗೆಳೆಯ ಎಂಟು ತಿಂಗಳ ಹಿಂದೆ ಮಾಡಿದ್ದ. ಜನ ಅದನ್ನು ಇಷ್ಟಪಟ್ಟಿದ್ದರು, ಅದರ ಬಗ್ಗೆ ಒಂದು ದೂರೂ ಇರಲಿಲ್ಲ. ನನ್ನ ಮನಸ್ಸಿನಲ್ಲಿ ಅದು ಮುಗಿದ ಕೆಲಸ. ಮುಗಿದ ಕೆಲಸವನ್ನು ಮತ್ತೆ ಯಾರು ಪರೀಕ್ಷಿಸುತ್ತಾರೆ? ಆದರೆ ಆ ಬಾಸ್ ನಿಂತಿದ್ದೇ ಆ 400ರ ಮೇಲೆ. ಎದುರು ನಿಂತ ಟ್ಯಾಂಕ್‌ಗೆ (ಗುಂಪಿನ ಪರವಾಗಿ ಪೆಟ್ಟು ತಿನ್ನುವ ಪಾತ್ರಕ್ಕೆ) ಅದು ಸೆಕೆಂಡಿಗೆ ಸರಾಸರಿ 190 ಹೊಡೆಯುತ್ತಿತ್ತು. ಹೀಲ್ 200 ಇದ್ದಾಗ ಸೆಕೆಂಡಿಗೆ 10 ಉಳಿತಾಯ. ಹೀಲರ್ ಒಂದೆರಡು ಸಲ ಎಡವಿದರೂ ಚೇತರಿಸಿಕೊಳ್ಳಲು ಅಷ್ಟು ಸಾಕಿತ್ತು; ಗೆಳೆಯ ಅದನ್ನು ವಾರಗಟ್ಟಲೆ ತೂಗಿ ಇಟ್ಟಿದ್ದ. ಹೀಲ್ 150 ಆದಾಗ ಸೆಕೆಂಡಿಗೆ 40 ಕೊರತೆ. ಟ್ಯಾಂಕ್‌ನ 3600 ಪ್ರಾಣಾಂಕಕ್ಕೆ ಅದು 90 ಸೆಕೆಂಡು. ಆ ಕಾಳಗ ಆರು ನಿಮಿಷದ್ದು.

ಇದು ‘ಸ್ವಲ್ಪ ಕಷ್ಟವಾಯಿತು’ ಎನ್ನುವ ಮಾತಲ್ಲ ಎಂಬುದನ್ನು ಗಮನಿಸಿ. ಕಾಲು ಭಾಗ ಇಳಿಸಿದರೆ ಕಾಲು ಭಾಗ ಕಷ್ಟವಾಗುತ್ತದೆ ಎಂದೇ ನಾನು ಅಂದುಕೊಂಡಿದ್ದೆ. ಹೀಲ್ ಹಾಗೆ ನಡೆಯುವುದಿಲ್ಲ. ಬರುವ ಪೆಟ್ಟಿಗಿಂತ ತುಂಬುವುದು ಹೆಚ್ಚಿದ್ದರೆ ಗುಂಪು ಬದುಕುತ್ತದೆ, ಕಡಿಮೆಯಾದರೆ ಸಾಯುತ್ತದೆ. ಎಷ್ಟು ಕಡಿಮೆ ಎಂಬುದು ಸಾವಿನ ಹೊತ್ತನ್ನಷ್ಟೇ ಹಿಂದೆ ಮುಂದೆ ಮಾಡುತ್ತದೆ. 400ರಿಂದ 300ಕ್ಕೆ ಇಳಿಯುವ ದಾರಿಯಲ್ಲಿ 380 ಎಂಬ ಗೆರೆಯಿತ್ತು. ಅದನ್ನು ದಾಟಿದ ಕ್ಷಣವೇ ಆ ಗುಹೆ ಐದು ಜನರಿಂದ ಗೆಲ್ಲಲಾಗದ ಗುಹೆಯಾಯಿತು. ನಾನು ಆ ಗೆರೆಯನ್ನು ನೋಡದೆಯೇ ದಾಟಿದ್ದೆ.

ಒಂದೇ ಅಂಕಿಯನ್ನು ಎರಡು ಆಟಗಳು ಬಳಸುತ್ತಿದ್ದವು, ನಾನು ಒಂದನ್ನಷ್ಟೇ ನೋಡುತ್ತಿದ್ದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗೆ. ಎತ್ತಿನದೂ ತಪ್ಪಿಲ್ಲ, ಕೋಣದ್ದೂ ತಪ್ಪಿಲ್ಲ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದವನು ನಾನು.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಬದಲಾವಣೆಗಳ ಪ್ರಕಟಣೆಯ ಕೊನೆಯಲ್ಲಿ ‘ಹೀಲ್ ಮಂತ್ರದಲ್ಲಿ ಸಣ್ಣ ಹೊಂದಾಣಿಕೆ’ ಎಂದಷ್ಟೇ ಬರೆದಿದ್ದೆ. ಹೆಚ್ಚಿನವರು ಅಲ್ಲಿಯವರೆಗೆ ಓದಲೇ ಇಲ್ಲ. ಗುಹೆಯಲ್ಲಿ ಗುಂಪುಗಳು ಸಾಯತೊಡಗಿದವು. ಬಾಸ್ ಬದಲಾಗಿಲ್ಲ, ಆಯುಧ ಬದಲಾಗಿಲ್ಲ, ಟ್ಯಾಂಕ್ ಅದೇ ಜಾಗದಲ್ಲಿ ನಿಂತಿದ್ದಾನೆ. ಹಾಗಾದರೆ ತಪ್ಪು ಯಾರದ್ದು? ಎಲ್ಲರೂ ಹೀಲರ್ ಕಡೆ ತಿರುಗಿದರು. ಮೂರು ವರ್ಷದಿಂದ ನಮ್ಮಲ್ಲಿ ಹೀಲರ್ ಆಗಿದ್ದವರೊಬ್ಬರು ಅಂಥದೊಂದು ರಾತ್ರಿ ನಾಲ್ಕನೆಯ ಸಲ ಸತ್ತ ಮೇಲೆ ಗುಂಪಿಗೆ ಬರೆದ ಸಾಲು ಸರ್ವರ್‌ನ ದಾಖಲೆಯಲ್ಲಿ ಉಳಿದಿತ್ತು: ‘ನನ್ನ ಕೈ ನಿಧಾನವಾಗಿರಬೇಕು, ಕ್ಷಮಿಸಿ.’ ಅವರು ಮತ್ತೆ ಲಾಗಿನ್ ಆಗಲಿಲ್ಲ. ಅವರ ಕೈ ನಿಧಾನವಾಗಿರಲಿಲ್ಲ. ನಾನು ದಾಖಲೆ ತೆಗೆದು ನೋಡಿದೆ, ಎರಡು ಸೆಕೆಂಡಿಗೊಮ್ಮೆ ಗಡಿಯಾರದ ಹಾಗೆ ಮಂತ್ರ ಹಾಕಿದ್ದರು.

ದೂರು ಹೇಳದೆ ಹೋದವರು ಅವರೊಬ್ಬರೇ ಅಲ್ಲ. ಹೀಲರ್ ಪಾತ್ರವನ್ನು ಆರಿಸಿಕೊಳ್ಳುವವರಲ್ಲಿ ಬಹುಮಂದಿ ಜಗಳಕ್ಕೆ ನಿಲ್ಲುವವರಲ್ಲ. ಇದು ನಾನು ಕಂಡದ್ದು. ಕಣದವರು ದಿನಕ್ಕೆ ಎಂಟು ಸಂದೇಶ ಕಳಿಸುತ್ತಿದ್ದರು, ಹೀಲರ್‌ಗಳು ಒಂದನ್ನೂ ಕಳಿಸಲಿಲ್ಲ. ಮೌನವನ್ನು ನಾನು ಒಪ್ಪಿಗೆ ಎಂದು ಓದಿಕೊಂಡೆ. ಮೂರು ವಾರದಲ್ಲಿ ರಾತ್ರಿಗೆ ಇಪ್ಪತ್ತು ಇದ್ದ ಹೀಲರ್‌ಗಳು ಆರಕ್ಕೆ ಇಳಿದರು. ಐದು ಜನರ ಗುಂಪಿಗೆ ಒಬ್ಬ ಹೀಲರ್ ಬೇಕೇ ಬೇಕು. ಇಪ್ಪತ್ತು ಹೀಲರ್ ಇದ್ದರೆ ನೂರು ಜನ ಆಡಬಹುದು, ಆರು ಇದ್ದರೆ ಮೂವತ್ತು. ಹದಿನಾಲ್ಕು ಜನ ಹೋದರು ಎಂದು ನಾನು ನೋಡುತ್ತಿದ್ದಾಗ ಗುಹೆಯ ಬಾಗಿಲಲ್ಲಿ ಇನ್ನೂ ಐವತ್ತಾರು ಜನ ಗುಂಪು ಸಿಗದೆ ಕಾಯುತ್ತಿದ್ದರು. ಕಾದು ಕಾದು ಅವರೂ ಹೋದರು.

ಕಣದವರ ಕತ್ತಿಗಳಿಗೆ ಬೇಕಾದ ಅದಿರು ಗುಹೆಯಿಂದಲೇ ಬರಬೇಕಿತ್ತು. ಗುಹೆ ಬರಿದಾದ ಮೇಲೆ ಸಂತೆ ಬರಿದಾಯಿತು, ಎರಡು ತಿಂಗಳಲ್ಲಿ ಕಣವೂ. ಯಾರ ಮಾತು ಕೇಳಿ ಇದನ್ನು ಮಾಡಿದೆನೋ ಅವರಿಗೂ ಆಡಲು ಎದುರಾಳಿ ಉಳಿಯಲಿಲ್ಲ. ಹನ್ನೊಂದನೆಯ ವಾರ 300 ಅಳಿಸಿ ಮತ್ತೆ 400 ಬರೆದೆ. ಅಂಕಿ ವಾಪಸು ಬಂತು, ಜನ ಬರಲಿಲ್ಲ.

ನಾನು ಮಾಡಬೇಕಿದ್ದದ್ದು ಒಂದು ಸಂಜೆಯ ಕೆಲಸ. 400 ಹಾಗೆಯೇ ಇರಲಿ. ಕಳೆದ ಹತ್ತು ಸೆಕೆಂಡಿನಲ್ಲಿ ಇನ್ನೊಬ್ಬ ಆಟಗಾರನಿಂದ ಪೆಟ್ಟು ತಿಂದವನಿಗೆ ಸಿಗುವ ಹೀಲ್ ಅನ್ನು ಮಾತ್ರ 0.75ರಿಂದ ಗುಣಿಸಿ. ಇಷ್ಟೇ. ಎರಡು ಎಚ್ಚರಿಕೆಗಳಿವೆ. ಕಡಿತವನ್ನು ಮಂತ್ರದ ವಿವರಣೆಯಲ್ಲೇ ಆಟಗಾರನಿಗೆ ಕಾಣುವಂತೆ ಬರೆಯಿರಿ. ಮುಚ್ಚಿಟ್ಟರೆ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇನೆ. ಗುಹೆಯೊಳಗೆ ಆಟಗಾರರು ಒಬ್ಬರನ್ನೊಬ್ಬರು ಹೊಡೆಯಲು ಬಿಡಬೇಡಿ. ಇಲ್ಲವಾದರೆ ಬಾಸ್ ಕಾಳಗದ ನಡುವೆ ಯಾರೋ ಬಂದು ಟ್ಯಾಂಕ್‌ಗೆ ಒಂದು ಗುದ್ದು ಕೊಟ್ಟು ಇಡೀ ಗುಂಪನ್ನು ಕೊಂದು ಹೋಗುತ್ತಾರೆ.

ದೊಡ್ಡ ಆಟಗಳೂ ಇಲ್ಲಿಗೇ ಬಂದು ನಿಂತಿವೆ. 2005ರಲ್ಲಿ ಬಂದ ಗಿಲ್ಡ್ ವಾರ್ಸ್ 2008ರಿಂದ ಒಂದೇ ವಿದ್ಯೆಗೆ ಪಿವಿಪಿಯಲ್ಲಿ (ಆಟಗಾರರ ನಡುವಿನ ಕಾಳಗದಲ್ಲಿ) ಒಂದು ರೂಪ, ಪಿವಿಇಯಲ್ಲಿ (ಆಟವೇ ಒಡ್ಡುವ ರಾಕ್ಷಸರ ವಿರುದ್ಧದ ಕಾಳಗದಲ್ಲಿ) ಇನ್ನೊಂದು ರೂಪ ಕೊಡತೊಡಗಿತು. ಫೈನಲ್ ಫ್ಯಾಂಟಸಿ 14 ತನ್ನ 2017ರ ವಿಸ್ತರಣೆಯಲ್ಲಿ ಪಿವಿಪಿಗೆ ಬೇರೆಯೇ ವಿದ್ಯೆಗಳ ಪಟ್ಟಿ ಮಾಡಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2007ರಲ್ಲಿ ಮುಖ್ಯವಾಗಿ ಆಟಗಾರರ ನಡುವಿನ ಕಾಳಗಕ್ಕೆಂದು ರೆಸಿಲಿಯನ್ಸ್ ಎಂಬ ರಕ್ಷಣೆಯ ಗುಣವನ್ನು ತಂದಿತು. ಮುಂದೆ ಅದರ ಅರೀನಾಗಳಲ್ಲಿ ಪಂದ್ಯ ಎಳೆದಷ್ಟೂ ಹೀಲ್ ತಾನಾಗಿ ಕುಗ್ಗುವ ವ್ಯವಸ್ಥೆ ಬಂತು. ನಿಮ್ಮ ಸಾಯದ ಹೀಲರ್‌ಗೆ ಆ ಕೊನೆಯದು ನನ್ನ ಹತ್ತು ಸೆಕೆಂಡಿನ ಉಪಾಯಕ್ಕಿಂತಲೂ ಚೆನ್ನಾಗಿ ಹೊಂದಬಹುದು.

ಹೀಲ್ ಒಂದೇ ಅಲ್ಲ, ಬಹುತೇಕ ಎಲ್ಲ ವಿದ್ಯೆಗಳೂ ಹೀಗೆ ಎರಡು ಮುಖದವು. ರಾಕ್ಷಸನು ತನ್ನನ್ನು ಹೆಚ್ಚು ಕೆರಳಿಸಿದವನನ್ನು ಹೊಡೆಯುತ್ತಾನೆ, ಆದ್ದರಿಂದಲೇ ಟ್ಯಾಂಕ್ ಎಂಬ ಪಾತ್ರಕ್ಕೆ ಅರ್ಥವಿದೆ. ಮನುಷ್ಯ ಎದುರಾಳಿ ಟ್ಯಾಂಕ್ ಕಡೆ ನೋಡುವುದೂ ಇಲ್ಲ, ನೇರ ಹೀಲರ್ ಮೇಲೆ ಬೀಳುತ್ತಾನೆ. ಮೂರು ಸೆಕೆಂಡು ಸ್ತಬ್ಧಗೊಳಿಸುವ ಮಂತ್ರ ಬಾಸ್‌ಗೆ ತಾಗುವುದೇ ಇಲ್ಲ, ಆಟಗಾರನಿಗೆ ಅದು ಪ್ರಾಣಾಂತಕ. ಬಾಸ್‌ಗೆ ಪ್ರಾಣಾಂಕ ಲಕ್ಷಗಟ್ಟಲೆ ಇರುವುದರಿಂದ ಅಲ್ಲಿ ಎಡೆಬಿಡದ ಪೆಟ್ಟು ಗೆಲ್ಲುತ್ತದೆ. ಎರಡು ಸಾವಿರ ಪ್ರಾಣಾಂಕದ ಮನುಷ್ಯನ ಮೇಲೆ ಒಮ್ಮೆಗೇ ಬೀಳುವ ದೊಡ್ಡ ಪೆಟ್ಟು ಗೆಲ್ಲುತ್ತದೆ. ಕೋಷ್ಟಕದಲ್ಲಿ ಇವತ್ತೇ ಎರಡು ಅಂಕಣ ಮಾಡಿ. ಎರಡರಲ್ಲೂ ಸದ್ಯ ಅದೇ ಅಂಕಿ ಇದ್ದರೂ ಸರಿ.

ಇನ್ನು ಅರ್ಧರ್ಧದ ಮಾತು. ಈ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಇವೆರಡೂ ಒಂದೇ ತಕ್ಕಡಿಯಲ್ಲಿ ತೂಗುವ ಸರಕುಗಳಲ್ಲ. ಗುಹೆ ಮಾಡಲು ತಿಂಗಳುಗಳು ಬೇಕು, ಜನ ಅದನ್ನು ಎರಡು ವಾರದಲ್ಲಿ ಮುಗಿಸುತ್ತಾರೆ. ಕಣ ಮಾಡಲು ಒಂದು ವಾರ ಸಾಕು, ಏಕೆಂದರೆ ಅಲ್ಲಿ ಎದುರಾಳಿಯೇ ಆಟ. ಆದರೆ ಅದಕ್ಕೆ ಜನಸಂದಣಿ ಬೇಕು, ಅದೇ ಹೊತ್ತಿಗೆ ಸರಿಸಮಾನ ಎದುರಾಳಿ ಸಿಗಬೇಕು. ಪ್ರತಿ ದ್ವಂದ್ವದಲ್ಲೂ ಒಬ್ಬ ಸೋಲುತ್ತಾನೆ. ಸದಾ ಸೋಲುವವನು ಬಿಟ್ಟುಹೋದರೆ ಅವನಿಗಿಂತ ಸ್ವಲ್ಪ ಮೇಲಿದ್ದವನು ಸದಾ ಸೋಲುವವನಾಗುತ್ತಾನೆ. ಸಣ್ಣ ಸರ್ವರ್‌ನಲ್ಲಿ ಈ ಇಳಿತ ಬೇಗ ತಳ ಮುಟ್ಟುತ್ತದೆ. ಆದ್ದರಿಂದ ನಿಮ್ಮಂಥ ಸಣ್ಣ ತಂಡಕ್ಕೆ ಗುಂಪಾಟವೇ ಮನೆ, ಕಾಳಗ ಜಗಲಿ. ಜಗಲಿಯನ್ನು ಚೆನ್ನಾಗಿ ಕಟ್ಟಿ, ಆದರೆ ಅದಕ್ಕಾಗಿ ಮನೆಯ ಕಂಬ ಕೀಳಬೇಡಿ.

ಎರಡನ್ನೂ ಒಂದೇ ಲೋಕದಲ್ಲಿ ಬೆರೆಸಿ ಗೆದ್ದ ಆಟವೂ ಇದೆಯಲ್ಲ ಎಂದು ನೀವು ಈವ್ ಆನ್‌ಲೈನ್ ಹೆಸರು ಹೇಳಬಹುದು. ನಿಜ. 2003ರಿಂದ ನಡೆಯುತ್ತಿದೆ. ಅಲ್ಲಿ ಕಾಳಗದಲ್ಲಿ ನಾಶವಾದ ನೌಕೆ ನಾಶವಾದದ್ದೇ, ಅದಿರು ಅಗೆಯುವವರೂ ನೌಕೆ ಕಟ್ಟುವವರೂ ಮತ್ತೊಂದನ್ನು ಕೊಡಬೇಕು. ಒಬ್ಬರ ಯುದ್ಧ ಇನ್ನೊಬ್ಬರಿಗೆ ಕಸುಬು. ಆ ಬಂಧವನ್ನು ಅಡಿಪಾಯದಲ್ಲೇ ಹಾಕಬೇಕು. ನಡೆಯುತ್ತಿರುವ ಆಟಕ್ಕೆ ಆಮೇಲೆ ಹೊಲಿಯಲಾಗದು. 1997ರಲ್ಲಿ ಆರಂಭವಾದ ಅಲ್ಟಿಮಾ ಆನ್‌ಲೈನ್‌ನಲ್ಲಿ ಯಾರು ಯಾರನ್ನಾದರೂ ಕೊಲ್ಲಬಹುದಿತ್ತು. 2000ರಲ್ಲಿ ಅದೇ ಲೋಕದ ಪ್ರತಿರೂಪವೊಂದನ್ನು ಮಾಡಿ, ಒಪ್ಪಿಗೆಯಿಲ್ಲದ ಕೊಲೆಯನ್ನು ಅಲ್ಲಿ ನಿಲ್ಲಿಸಬೇಕಾಯಿತು. ಆ ಬದಲಾವಣೆಯೇ ಆಟದ ಜೀವ ತೆಗೆಯಿತು ಎಂದು ಇಂದಿಗೂ ಕೊರಗುವವರಿದ್ದಾರೆ. ಅವರ ಕೊರಗು ನನಗೆ ಅರ್ಥವಾಗುತ್ತದೆ, ಆದರೂ ಆ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಮಾಡುತ್ತಿದ್ದೆ.

ಮೊತ್ತಮೊದಲ ಮಡ್ (ಹಲವರು ಸೇರಿ ಬರಹದ ಮೂಲಕವೇ ಆಡುವ ಲೋಕ) ಆಟದ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ರಿಚರ್ಡ್ ಬಾರ್ಟಲ್ 1996ರಲ್ಲೇ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಒಂದು ಬಗೆಯವರು ಹೆಚ್ಚಾದರೆ ಉಳಿದವರ ಮೇಲೆ ಏನು ಪರಿಣಾಮವಾಗುತ್ತದೆ ಎಂದು ಬರೆದಿದ್ದರು. ಸರ್ವರ್ ಮುಚ್ಚಿದ ಮೇಲೆ ನಾನು ಅದನ್ನು ಓದಿದೆ. ನೀವು ಈಗಲೇ ಓದಿ.

ಇವತ್ತು ರಾತ್ರಿ ಮಾಡಬೇಕಾದದ್ದು ಬೇರೆ. ಕಳೆದ ತಿಂಗಳು ವಾರಕ್ಕೆ ಮೂರು ಸಲವಾದರೂ ಬಂದು, ಈ ತಿಂಗಳು ಒಮ್ಮೆಯೂ ಬಾರದ ಹೀಲರ್‌ಗಳ ಪಟ್ಟಿ ತೆಗೆಯಿರಿ. ಪಟ್ಟಿಯಲ್ಲಿ ಇರುವವರಿಗೆ ಒಬ್ಬೊಬ್ಬರಿಗೂ ನೀವೇ ಕೈಯಾರೆ ಬರೆಯಿರಿ. ನಾನು ಆ ಹೀಲರ್‌ಗೆ ಬರೆದದ್ದು ಎಂಟು ತಿಂಗಳು ಕಳೆದ ಮೇಲೆ: ತಪ್ಪು ನಿಮ್ಮ ಕೈಯದ್ದಲ್ಲ, ನನ್ನ ಕೋಷ್ಟಕದ್ದು ಎಂದು. ಉತ್ತರ ಬರಲಿಲ್ಲ.

ನಿಮ್ಮ ದೊಡ್ಡ ಬಾಸ್ ಸೆಕೆಂಡಿಗೆ ಎಷ್ಟು ಹೊಡೆಯುತ್ತದೆ, ಹೀಲರ್ ಎಷ್ಟು ತುಂಬುತ್ತಾನೆ, ಟ್ಯಾಂಕ್‌ನ ಪ್ರಾಣಾಂಕ ಎಷ್ಟು ಎಂಬ ಮೂರು ಅಂಕಿಗಳನ್ನು ಇಲ್ಲಿ ಕೆಳಗೆ ಬರೆಯಿರಿ. ನಿಮ್ಮ ಗೆರೆ ಎಲ್ಲಿದೆ ಎಂದು ಲೆಕ್ಕ ಹಾಕಿ ಹೇಳುತ್ತೇನೆ.